ಕಾಡಿನ ಜಗಳ ಬಿಡಿಸುವುದು ಹೇಗೆ: ಉತ್ತರ ಕನ್ನಡದ ಹೆಂಗಸರ ಹಗ್ಗ, ಹೊರೆ, ಹಂಗಾಮಿನ ಲೆಕ್ಕ

ಉತ್ತರ ಕನ್ನಡದ ಘಟ್ಟದ ಹಳ್ಳಿಗಳಲ್ಲಿ ಕಾಡಿನ ಜಗಳ ವರ್ಷವಿಡೀ ಇರುವುದಿಲ್ಲ. ದರಕು (ಉದುರಿದ ಒಣ ಎಲೆ) ಗುಡಿಸುವ ಜನವರಿ–ಮಾರ್ಚ್‌ನಲ್ಲಿ, ಮಳೆಗೆ ಮುಂಚೆ ಕಟ್ಟಿಗೆ ಕೂಡಿಡುವ ಏಪ್ರಿಲ್–ಮೇಯಲ್ಲಿ, ಉಪ್ಪಾಗೆ ಎಂಬ ಹುಳಿ ಕಾಡುಕಾಯಿ ಹಣ್ಣಾಗುವ ಆಷಾಢದಲ್ಲಿ ಅದು ಏಳುತ್ತದೆ. ನಡುವಿನ ತಿಂಗಳುಗಳಲ್ಲಿ ಅದೇ ಜನ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಳಿಗೆ ಲಟ್ಟಿಸಲು ಹೋಗುತ್ತಾರೆ.

ಗಂಡಸರು ಕಟ್ಟೆಯ ಮೇಲೆ ಕೂತರೆ ಮಾತು ಸರ್ವೆ ನಂಬರಿಗೆ, ಗಡಿಕಲ್ಲಿಗೆ, ಅಜ್ಜನ ಕಾಲದ ಪಹಣಿಗೆ ಹೋಗಿ ನಿಲ್ಲುತ್ತದೆ. ಕಾಡಿಗೆ ದಿನಾ ಹೋಗುವ ಹೆಂಗಸರು ಕೇಳುವ ಪ್ರಶ್ನೆ ಬೇರೆ. ಯಾವ ದಿನ, ಎಷ್ಟು ಹೊರೆ, ಕೈಯಲ್ಲಿ ಕತ್ತಿಯೋ ಕೊಡಲಿಯೋ? ಈ ದಾರಿ ಕೆಲಸ ಮಾಡುವುದಕ್ಕೆ ಸರಳ ಕಾರಣವಿದೆ. ನೆಲ ಅರಣ್ಯ ಇಲಾಖೆಯದು, ಅದರ ಗಡಿಯನ್ನು ಊರ ಸಭೆ ತೀರ್ಮಾನಿಸಲು ಆಗುವುದಿಲ್ಲ. ದಿನ, ಹೊರೆ, ಹತ್ಯಾರ ಮಾತ್ರ ಊರಿನ ಕೈಯಲ್ಲಿವೆ, ಅವನ್ನು ಇವತ್ತು ಸಂಜೆಯೇ ತೀರ್ಮಾನಿಸಬಹುದು. ಸ್ತ್ರೀಶಕ್ತಿ ಸಂಘ, ಗ್ರಾಮ ಅರಣ್ಯ ಸಮಿತಿ, ಅರಣ್ಯ ಹಕ್ಕು ಸಮಿತಿ ಅಥವಾ ಪಂಚಾಯಿತಿಯಲ್ಲಿರುವವರು ಈ ಕ್ರಮವನ್ನು ತಮ್ಮ ಊರಿಗೆ ಹೇಗೆ ಹೊಂದಿಸಿಕೊಳ್ಳಬಹುದೆಂಬುದು ಮುಂದಿದೆ.

ಮೊದಲು ಜಗಳವನ್ನು ಬಿಡಿಸಿ ನೋಡಿ

"ಕಾಡಿನ ಗಲಾಟೆ" ಎಂದು ಒಟ್ಟಾಗಿ ಹೇಳಿದರೆ ಏನೂ ಬಗೆಹರಿಯುವುದಿಲ್ಲ. ಯಾವ ವಸ್ತುವಿಗಾಗಿ, ಯಾವ ತಿಂಗಳಲ್ಲಿ, ಯಾರ ಯಾರ ನಡುವೆ ಎಂದು ಮೂರು ಸಾಲು ಬರೆದುಕೊಳ್ಳಿ. ಒಂದೇ ಜಗಳದಂತೆ ಕಾಣುವುದರೊಳಗೆ ಎರಡು–ಮೂರು ಇರುತ್ತವೆ.

ಅತಿ ಸಾಮಾನ್ಯವಾದದ್ದು ಸೊಪ್ಪಿನ ಬೆಟ್ಟದ್ದು. ಅಡಿಕೆ ತೋಟ ಇರುವವರಿಗೆ ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಅದು ಸೊಪ್ಪು, ದರಕಿಗಾಗಿ ಕೊಟ್ಟ ಸೌಲಭ್ಯವೇ ಹೊರತು ಮಾಲೀಕತ್ವವಲ್ಲ. ತೋಟವಿಲ್ಲದ ಕೇರಿಗೆ ಬೆಟ್ಟವೂ ಇಲ್ಲ. ಅವರು ಒಣ ಕಟ್ಟಿಗೆಗೆ ಬಂದರೆ "ನಮ್ಮ ಬೆಟ್ಟಕ್ಕೆ ಕಾಲಿಡಬೇಡಿ" ಎಂಬ ಮಾತು ಬರುತ್ತದೆ. ಇಲ್ಲಿ ಒಬ್ಬರಿಗೆ ಬೇಕಾದದ್ದು ಎಲೆ, ಇನ್ನೊಬ್ಬರಿಗೆ ಬೇಕಾದದ್ದು ಒಣಗಿದ ರೆಂಬೆ. ವಸ್ತು ಬೇರೆ ಎಂದು ಬಿಡಿಸಿಟ್ಟರೆ ಅರ್ಧ ಜಗಳ ಅಲ್ಲೇ ಹಗುರಾಗುತ್ತದೆ.

ಎರಡನೆಯದು ಎರಡು ಊರುಗಳ ನಡುವಿನ ಕಟ್ಟಿಗೆ. ಮೂರನೆಯದು ಮಾರಾಟಕ್ಕೆ ಹೋಗುವ ಕಾಯಿ, ಹಣ್ಣು: ಉಪ್ಪಾಗೆ, ಮುರುಗಲು, ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ), ರಾಮಪತ್ರೆ, ಸೀಗೆ. ನಾಲ್ಕನೆಯದು ದನ ಮೇಯುವುದು ಮತ್ತು ಬೆಂಕಿ. ಈ ನಾಲ್ಕಕ್ಕೂ ಒಂದೇ ನಿಯಮ ಬರೆಯಲು ಹೋಗಬೇಡಿ. ಮನೆಬಳಕೆಯ ವಸ್ತುವನ್ನು ಅಗತ್ಯದ ಮೇಲೆ ಹಂಚಬೇಕು, ಮಾರುವ ವಸ್ತುವನ್ನು ಸಮಪಾಲಿನ ಮೇಲೆ. ಇವೆರಡನ್ನು ಕಲಸಿದ ಒಪ್ಪಂದ ಮೊದಲ ಹಂಗಾಮನ್ನೂ ದಾಟುವುದಿಲ್ಲ.

ತವರಿನ ದಾರಿ

ಸಭೆ ಕರೆಯುವುದು ಮೊದಲ ಹೆಜ್ಜೆಯಲ್ಲ. ಸಭೆಯಲ್ಲಿ ಒಮ್ಮೆ "ಆಗೋದಿಲ್ಲ" ಎಂದವರು ಎಲ್ಲರ ಮುಂದೆ ಆ ಮಾತು ಹಿಂತೆಗೆದುಕೊಳ್ಳುವುದು ಕಷ್ಟ. ಆದ್ದರಿಂದ ಮೊದಲ ಮಾತು ಸಣ್ಣದಾಗಿ, ಗಂಡಸರ ಕಿವಿಗೆ ಬೀಳದಂತೆ ನಡೆಯಬೇಕು.

ಇಲ್ಲಿ ಹೆಂಗಸರಿಗೆ ಇರುವ ದೊಡ್ಡ ಅನುಕೂಲವೆಂದರೆ ತವರು. ಜಗಳವಾಡುವ ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧ ಇದ್ದೇ ಇರುತ್ತದೆ. ಆ ಊರಿನಲ್ಲಿ ಹುಟ್ಟಿ ಈ ಊರಿಗೆ ಬಂದವಳಿಗೆ ಎರಡೂ ಕಾಡಿನ ಕಾಲುದಾರಿ ಗೊತ್ತು, ಎರಡೂ ಕಡೆ ಒಳಗೆ ಹೋಗಿ ಕೂರುವ ಸಲುಗೆ ಇದೆ. ಅಂಥವರನ್ನು ಹುಡುಕಿ ಒಂದೊಂದು ಕಡೆಯಿಂದ ಇಬ್ಬರನ್ನು ಕಳಿಸಿ. ಒಬ್ಬಳೇ ಹೋದರೆ ನಾಳೆ "ಅವಳು ತವರಿನ ಪರ" ಎಂಬ ಮಾತು ಹುಟ್ಟುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಈಗಲೂ ಹೊರೆ ಹೊರುವವರಾಗಿರಲಿ. ಹಿರಿಯಳಿಗೆ ಗೌರವ ಸಿಗುತ್ತದೆ, ಆದರೆ ಈ ವರ್ಷ ಯಾವ ಮರ ಒಣಗಿದೆ ಎಂದು ಗೊತ್ತಿರುವುದು ಹೊರುವವಳಿಗೆ.

ಜಾತಿ ಬೇರೆಯಾದ ಕೇರಿಗಳ ನಡುವೆ ತವರಿನ ದಾರಿ ಇರುವುದಿಲ್ಲ. ಹವ್ಯಕರ ತೋಟದ ಮನೆಗೂ ಕರೆ ಒಕ್ಕಲಿಗರ ಅಥವಾ ಸಿದ್ದಿಯರ ಕೇರಿಗೂ ನಡುವೆ ನೆಂಟಸ್ತಿಕೆ ಎಲ್ಲಿಂದ ಬರಬೇಕು? ಅಲ್ಲಿ ಕೆಲಸದ ನಂಟನ್ನು ಹಿಡಿಯಬೇಕು. ಅಡಿಕೆ ಸುಲಿಯುವ ರಾತ್ರಿಗಳು ಇದಕ್ಕೆ ಒಳ್ಳೆಯ ಹೊತ್ತು. ಎಲ್ಲರ ಕೈ ಕೆಲಸದಲ್ಲಿರುತ್ತದೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಬಿಗಿ ಇರುವುದಿಲ್ಲ, ಮಾತು ತಂತಾನೇ ಕಾಡಿನ ಕಡೆ ಹೊರಳುತ್ತದೆ. ಹಾಗೆಂದು ಕೂಲಿ ಕೊಡುವ ಮನೆಯಲ್ಲಿ ಕೂಲಿಗೆ ಬಂದವರು ಒಪ್ಪಿಕೊಂಡ ಮಾತನ್ನು ಒಪ್ಪಿಗೆ ಎಂದು ಎಣಿಸಬೇಡಿ. ಅಲ್ಲಿ ಕೇಳಿಸಿಕೊಳ್ಳುವುದು ಮಾತ್ರ ನಡೆಯಲಿ, ತೀರ್ಮಾನ ಬೇರೆ ಜಾಗದಲ್ಲಿ ಆಗಲಿ. ಅಂಗನವಾಡಿ, ಶಾಲೆಯ ಜಗಲಿ ಆಗಬಹುದು. ಒಂದು ಕೇರಿಯವರು ಒಳಗೆ ಬರಲಾಗದ ದೇವಸ್ಥಾನದ ಅಂಗಳ ಖಂಡಿತ ಬೇಡ.

ಈ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ನಿಮಗೆ ಯಾವುದು ತಪ್ಪಿದರೆ ಮನೆ ನಡೆಯುವುದಿಲ್ಲ?" ಯಾರು ತಪ್ಪು ಮಾಡಿದರು ಎಂದು ಈಗ ಕೇಳಿದರೆ ಹಿಂದಿನ ಇಪ್ಪತ್ತು ವರ್ಷದ ಪಟ್ಟಿ ಬರುತ್ತದೆ.

ಕಾಡು ಸುತ್ತುವ ದಿನ

ಎರಡೂ ಕಡೆಯಿಂದ ಆರೆಂಟು ಜನ ಒಟ್ಟಿಗೆ ಕಾಡಿಗೆ ಹೋಗಬೇಕು. ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ, ದನ ಕಾಯುವವರೊಬ್ಬರು ಇರಲಿ. ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಮಧ್ಯಾಹ್ನದೊಳಗೆ ಮುಗಿಯುವಷ್ಟು ದೂರ ಸಾಕು. ಒಯ್ಯಬೇಕಾದದ್ದು ಕತ್ತದ (ತೆಂಗಿನ ನಾರಿನ) ಹಗ್ಗ, ಗುರುತಿಗೆ ಸುಣ್ಣದ ನೀರು, ಒಂದು ನೋಟುಪುಸ್ತಕ. ಕೊಡಲಿ, ಕತ್ತಿ ಮನೆಯಲ್ಲೇ ಇರಲಿ. ಅವನ್ನು ಕಂಡರೆ ಗಾರ್ಡ್‌ಗೂ ಅನುಮಾನ, ಎದುರು ಕಡೆಯವರಿಗೂ ಅನುಮಾನ.

ನೋಡಬೇಕಾದದ್ದು ಇಷ್ಟು. ಕಡಿದ ಬೊಡ್ಡೆಗಳು: ಕೊಡಲಿ ಏಟು ದೊಡ್ಡ ಚಕ್ಕೆ ಎಬ್ಬಿಸುತ್ತದೆ, ಕತ್ತಿ ಏಟು ಓರೆಯಾಗಿ ನಯವಾಗಿರುತ್ತದೆ, ಗರಗಸವಾದರೆ ಬೊಡ್ಡೆ ತಟ್ಟೆಯಂತೆ ಮಟ್ಟಸ. ಗರಗಸದ ಗುರುತು ಕಂಡರೆ ಅದು ಒಲೆಗೆ ಕಟ್ಟಿಗೆ ಒಯ್ಯುವವರ ಕೆಲಸವಲ್ಲ. ಎಷ್ಟೋ ಸಲ ಎರಡೂ ಊರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದದ್ದು ಮೂರನೆಯವರ ನಾಟಾ (ಮರಮುಟ್ಟು) ಕಳ್ಳತನಕ್ಕೆ ಎಂಬುದು ಇಲ್ಲಿ ಬಯಲಾಗುತ್ತದೆ.

ಆಮೇಲೆ ಸಸಿಗಳು. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ನಾಲ್ಕೈದು ಜಾಗಗಳನ್ನು ಹಗ್ಗ ಹಿಡಿದು ಗುರುತಿಸಿ. ಮೊಣಕಾಲಿಗಿಂತ ಎತ್ತರದ ಮತ್ತಿ, ಹೊನ್ನೆ, ನಂದಿ, ಉಪ್ಪಾಗೆ, ನೇರಲು ಸಸಿ ಎಷ್ಟಿವೆ ಎಂದು ಎಣಿಸಿ. ಊರಿಗೆ ಹತ್ತಿರದ ಜಾಗದಲ್ಲಿ ಒಂದೂ ಇಲ್ಲ, ಒಳಗೆ ಹೋದಂತೆ ಇದೆ ಎಂದಾದರೆ ಹತ್ತಿರದಲ್ಲಿ ದರಕು ತೀರಾ ಗುಡಿಸಲಾಗುತ್ತಿದೆ ಅಥವಾ ದನ ಹೆಚ್ಚು ಮೇಯುತ್ತಿವೆ ಎಂದರ್ಥ. ದರಕನ್ನು ನೆಲ ಕಾಣುವಂತೆ ಬರಲಿನಿಂದ ಗುಡಿಸಿದರೆ ಬೀಜ, ಮೊಳಕೆ ಎಲ್ಲ ಕೊಟ್ಟಿಗೆ ಸೇರುತ್ತವೆ. ಬಿಟ್ಟರೆ ಬೇಸಗೆಯಲ್ಲಿ ಬೆಂಕಿಯ ಭಯ. ಇವೆರಡರ ನಡುವಿನ ಹದವನ್ನು ಈ ನಡಿಗೆಯಲ್ಲೇ ಮಾತಾಡಬೇಕು. ಕೊಳೆಯಲು ಶುರುವಾದ ಅಡಿ ಪದರ ಬಿಟ್ಟು ಮೇಲಿನ ಗರಿಗರಿ ಎಲೆ ಮಾತ್ರ ಗುಡಿಸುವುದು, ಕಾಲುದಾರಿಯ ಎರಡೂ ಬದಿ ಮಾತ್ರ ಪೂರ್ತಿ ಗುಡಿಸಿ ಅದನ್ನೇ ಬೆಂಕಿ ರೇಖೆ ಮಾಡುವುದು ಹಳೆಯ ಉಪಾಯ.

ಮೂರನೆಯ ಕೆಲಸ ತಾಯಿಮರ ಗುರುತಿಸುವುದು. ಪ್ರತಿ ಜಾತಿಯಲ್ಲೂ ಒಳ್ಳೆಯ ಬೀಜ ಕೊಡುವ, ಸುತ್ತ ಸಸಿ ಎದ್ದಿರುವ ಮರ ಯಾವುದೆಂದು ಹಳಬರಿಗೆ ಗೊತ್ತಿರುತ್ತದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಹಿರಿಯೆ ತುಳಸಿ ಗೌಡರು ಹೆಸರಾದದ್ದು ಈ ಜ್ಞಾನಕ್ಕೇ, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅಂಥ ಮರಗಳಿಗೆ ಸುಣ್ಣದ ಪಟ್ಟೆ ಬಳಿಯಿರಿ. ಯಾವ ಊರಿನವರೂ ಅದರ ಕಾಯಿ ಕೊಯ್ಯುವುದಿಲ್ಲ, ರೆಂಬೆ ಮುರಿಯುವುದಿಲ್ಲ ಎಂಬುದು ಎರಡೂ ಕಡೆ ತಕರಾರಿಲ್ಲದೆ ಒಪ್ಪುವ ಮೊದಲ ನಿಯಮ. ಸುಲಭದ ಒಪ್ಪಿಗೆ ಮೊದಲು ಸಿಕ್ಕರೆ ಮುಂದಿನ ಮಾತಿಗೆ ಬಾಯಿ ಬರುತ್ತದೆ.

ಹೊರೆ ತೂಗುವುದು

ಇದನ್ನು ತಪ್ಪಿಸಿ ಮುಂದೆ ಹೋಗುವ ಸಭೆಗಳೇ ಹೆಚ್ಚು. "ಅವರು ಲೋಡುಗಟ್ಟಲೆ ಒಯ್ಯುತ್ತಾರೆ" ಎಂಬ ಮಾತಿಗೆ ಲೆಕ್ಕವೊಂದೇ ಉತ್ತರ.

ಒಂದು ವಾರ, ಪ್ರತಿ ಕೇರಿಯಿಂದ ನಾಲ್ಕೈದು ಮನೆಗಳಲ್ಲಿ, ಬೆಳಿಗ್ಗೆ ಕಟ್ಟಿಗೆ ತೂಗಿ ಒಲೆ ಪಕ್ಕ ಇಡಿ, ರಾತ್ರಿ ಉಳಿದದ್ದನ್ನು ತೂಗಿ. ಮಣ್ಣಿನ ಒಲೆಯಲ್ಲಿ ಅಡುಗೆಗೆ ಒಬ್ಬರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಆಸುಪಾಸಿನಲ್ಲಿ ಬರುತ್ತದೆ. ಐದು ಜನರ ಮನೆಗೆ ಎಂಟರಿಂದ ಹತ್ತು ಕಿಲೋ. ಅಂದರೆ 25 ಕಿಲೋದ ಒಂದು ತಲೆಹೊರೆ ಹೆಚ್ಚೆಂದರೆ ಮೂರು ದಿನ, ತಿಂಗಳಿಗೆ ಸುಮಾರು ಹತ್ತು ಹೊರೆ, ವರ್ಷಕ್ಕೆ 120. ನಲವತ್ತು ಮನೆಯ ಊರಾದರೆ 4,800 ಹೊರೆ. ಈ ಸಂಖ್ಯೆ ಗೋಡೆಯ ಮೇಲೆ ಬಿದ್ದ ಕ್ಷಣ ಸಭೆಯ ದನಿ ಬದಲಾಗುತ್ತದೆ, ಏಕೆಂದರೆ ಒಣಗಿ ಬೀಳುವುದು ಅಷ್ಟಿಲ್ಲ ಎಂಬುದು ಕಾಡು ಸುತ್ತಿದವರಿಗೆಲ್ಲ ಗೊತ್ತಿರುತ್ತದೆ. ಗ್ಯಾಸ್ ಸಿಲಿಂಡರ್ ಬಂದ ಮನೆಗಳನ್ನು ಲೆಕ್ಕದಿಂದ ಕೈಬಿಡಬೇಡಿ. ಚಹಾಕ್ಕೆ ಗ್ಯಾಸ್, ಕುಚ್ಚಲಕ್ಕಿ ಅನ್ನಕ್ಕೆ ಕಟ್ಟಿಗೆ ಎಂಬುದೇ ವಾಸ್ತವ.

ಅಡುಗೆಯ ಲೆಕ್ಕದಿಂದ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಮದುವೆ–ಮುಂಜಿಯ ಕಟ್ಟಿಗೆಗಳನ್ನು ಬೇರೆ ಇಡಿ. ಇಲ್ಲೇ ನಿಜವಾದ ಹೊಂದಾಣಿಕೆ ಅಡಗಿದೆ. ತೋಟ ಇರುವ ಮನೆಯಲ್ಲಿ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಡಲು, ಕರಟ ಇರುತ್ತದೆ. ಅವರ ಬಚ್ಚಲಿಗೆ ಕಾಡಿನ ಕಟ್ಟಿಗೆ ಬೇಕಿಲ್ಲ. ಕೆಂಪಡಿಕೆ ಬೇಯಿಸುವುದು ವ್ಯಾಪಾರದ ಕೆಲಸ, ಅದರ ಕಟ್ಟಿಗೆ ಸಾರ್ವಜನಿಕ ಕಾಡಿನಿಂದ ಬರಬಾರದು, ಸ್ವಂತ ತೋಟದಂಚಿನ ಮರದಿಂದ ಅಥವಾ ಇಲಾಖೆಯ ಡಿಪೋದಿಂದ ಬರಲಿ. ಈ ಎರಡನ್ನು ತೆಗೆದರೆ ತೋಟವಿಲ್ಲದ ಕೇರಿಯ ಅಡುಗೆಯ ಪಾಲು ಬಹಳಷ್ಟು ಸಲ ಹೊಂದಿಕೊಳ್ಳುತ್ತದೆ.

ಇನ್ನೂ ಕೊರತೆ ಬಿದ್ದರೆ ಒಲೆಯ ಕಡೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಈ ಜಿಲ್ಲೆಗೆ ಹೊಸದಲ್ಲ. ಸರಿಯಾಗಿ ಕಟ್ಟಿದರೆ ಕಟ್ಟಿಗೆಯಲ್ಲಿ ಮೂರನೇ ಒಂದು ಪಾಲಾದರೂ ಉಳಿಯುತ್ತದೆ. ಕೆಡುವುದು ಎರಡು ಕಡೆ: ಹೊಗೆ ಕೊಳವೆ ತಿಂಗಳಿಗೊಮ್ಮೆ ತೆಗೆದು ಮಸಿ ಬಡಿಯದಿದ್ದರೆ ಹೊಗೆ ಹಿಂದಕ್ಕೆ ಬರುತ್ತದೆ, ಪಾತ್ರೆಯ ತಳಕ್ಕಿಂತ ಒಲೆಯ ಬಾಯಿ ದೊಡ್ಡದಾದರೆ ಬಿಸಿಯೆಲ್ಲ ಹೊರಗೆ ಹೋಗುತ್ತದೆ. ಮೊದಲು ಮನೆಯ ಪಾತ್ರೆ ಅಳೆದು ಆಮೇಲೆ ಒಲೆ ಕಟ್ಟಿಸಿ.

ನಿಯಮ ಕಟ್ಟುವುದು: ದಿನ, ಹಗ್ಗ, ಹತ್ಯಾರ

ಕಾಡಿನ ಬಾಯಲ್ಲಿ ತಕ್ಕಡಿ ಇಡಲು ಆಗುವುದಿಲ್ಲ. ಅದಕ್ಕೇ ಹಗ್ಗದ ಅಳತೆ. ಒಂದು ಮಾರಿನ (ಎರಡೂ ಕೈ ಚಾಚಿದಷ್ಟು ಉದ್ದದ) ಎರಡು ಹಗ್ಗ, ಎರಡು ಕಡೆ ಕಟ್ಟು, ಒಂದೇ ಸುತ್ತಿಗೆ ಗಂಟು ಬೀಳಬೇಕು. ಒಣ ಕಟ್ಟಿಗೆಯಾದರೆ 25–30 ಕಿಲೋ ಆಸುಪಾಸಿಗೆ ಬರುವಂತಿರಲಿ. ನಿಮ್ಮ ಕಾಡಿನ ಕಟ್ಟಿಗೆಯಲ್ಲಿ ಒಮ್ಮೆ ಕಟ್ಟಿ ತೂಗಿ ಹಗ್ಗದ ಉದ್ದ ಹೊಂದಿಸಿಕೊಳ್ಳಿ. ಎಲ್ಲ ಮನೆಯ ಹಗ್ಗವನ್ನೂ ಒಂದೇ ಹುರಿಯಿಂದ, ಒಬ್ಬಳದೇ ಮಾರಿನಲ್ಲಿ ಅಳೆದು ಕತ್ತರಿಸಿ ಹಂಚಬೇಕು. ಮಾರು ಆಳಿಂದ ಆಳಿಗೆ ಬದಲಾಗುತ್ತದೆ, "ನಿಮ್ಮೂರಿನ ಮಾರು ಉದ್ದ" ಎಂಬ ಹೊಸ ಜಗಳ ಬೇಡ. ಕತ್ತದ ಹಗ್ಗವೇ ಇರಲಿ. ನೈಲಾನ್ ಎಳೆದಂತೆ ಹಿಗ್ಗುತ್ತದೆ. ದರಕಿಗೆ ಇದೇ ರೀತಿ ಕಲ್ಲಿಯ (ಎಲೆ ತುಂಬುವ ಹಗ್ಗದ ಬಲೆಚೀಲ) ಲೆಕ್ಕ: ಕಲ್ಲಿಯ ಗಾತ್ರ ಒಂದೇ, ಮನೆಗೆ ದಿನಕ್ಕೆ ಇಷ್ಟು ಕಲ್ಲಿ.

ದಿನದ ನಿಯಮ ಹೀಗೆ. ಎರಡು ಊರುಗಳಿಗೂ ಬಳಕೆಯಿರುವ ಕಾಡಾದರೆ ವಾರದ ದಿನಗಳನ್ನು ಹಂಚಿ: ಒಂದೂರಿಗೆ ಸೋಮವಾರ ಮತ್ತು ಗುರುವಾರ, ಇನ್ನೊಂದಕ್ಕೆ ಮಂಗಳವಾರ ಮತ್ತು ಶುಕ್ರವಾರ. ಬುಧವಾರ ಯಾರೂ ಇಲ್ಲ, ಭಾನುವಾರ ಕೂಲಿಗೆ ಹೋಗುವ ಹೆಂಗಸರಿಗೆ ಮಾತ್ರ. ದಿನಗೂಲಿಯವರಿಗೆ ವಾರದ ನಡುವೆ ಬಿಡುವಿರುವುದಿಲ್ಲ, ಅವರ ದಿನವನ್ನು ಮರೆತರೆ ನಿಯಮ ಮುರಿಯುವವರು ಅವರೇ ಆಗುತ್ತಾರೆ. ತಪ್ಪು ನಿಯಮದ್ದು. ಬೆಳಕಿರುವಾಗ ಮಾತ್ರ, ಇಬ್ಬರಿಗಿಂತ ಕಡಿಮೆ ಜನ ಹೋಗುವುದಿಲ್ಲ ಎಂದೂ ಸೇರಿಸಿ. ಒಬ್ಬಳೇ ಹೋಗದಿರುವುದು ಸುರಕ್ಷತೆಗೂ ಆಯಿತು, ಒಬ್ಬರಿಗೊಬ್ಬರು ಸಾಕ್ಷಿಯೂ ಆಯಿತು.

ಹತ್ಯಾರದ ನಿಯಮ ಎಲ್ಲಕ್ಕಿಂತ ಗಟ್ಟಿ. ಕೊಡಲಿ, ಗರಗಸ ಇಲ್ಲ. ಕೈಯಿಂದ ಮುರಿಯುವಂಥದ್ದು ಅಥವಾ ಸಣ್ಣ ಕತ್ತಿಯಿಂದ ಒಂದೇ ಏಟಿಗೆ ತುಂಡಾಗುವ ಒಣ ರೆಂಬೆ ಮಾತ್ರ. ಕೊಡಲಿಯಿಲ್ಲದವಳಿಗೆ ಹಸಿಮರ ಕಡಿಯಲು ಸಾಧ್ಯವೇ ಇಲ್ಲ, ಯಾರೂ ಕಾಯಬೇಕಿಲ್ಲ. ಹೊರೆ ಎಣಿಸಲು ಕಾವಲು ಬೇಕು, ಹತ್ಯಾರ ನೋಡಲು ದಾರಿಯಲ್ಲಿ ಎದುರು ಸಿಕ್ಕವರೇ ಸಾಕು. ಹಸಿ ಸೊಪ್ಪಿಗೆ ಮಾತ್ರ ಬೇರೆ ಮಾತು. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸಲು ಕೊಯ್ಯುವಾಗ ತುದಿಯ ಕುಡಿ ಬಿಡಬೇಕು, ಒಂದು ಮರವನ್ನು ಪೂರ್ತಿ ಬೋಳಿಸಬಾರದು, ಈ ವರ್ಷ ಕೊಯ್ದ ಮರವನ್ನು ಮುಂದಿನ ವರ್ಷ ಬಿಡಬೇಕು.

ಸೊಪ್ಪಿನ ಬೆಟ್ಟದ ಜಗಳಕ್ಕೆ ನಿಲ್ಲುವ ಒಪ್ಪಂದ ಸಾಮಾನ್ಯವಾಗಿ ಹೀಗಿರುತ್ತದೆ: ಎಲೆ, ದರಕು ಬೆಟ್ಟದ ಮನೆಗೆ, ಬಿದ್ದ ಒಣ ಕಟ್ಟಿಗೆ ತೋಟವಿಲ್ಲದ ಕೇರಿಗೆ, ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಬೆಂಕಿ ಕಾಯುವುದು ಇಬ್ಬರ ಕೆಲಸ. ಬೆಂಕಿಯ ಸುದ್ದಿ ಮೊದಲು ತರುವುದು ಕಟ್ಟಿಗೆಗೆ ಹೋದವರೇ. ಅವರನ್ನು ಹೊರಗಿಟ್ಟ ಬೆಟ್ಟದಲ್ಲಿ ಹೊಗೆ ಎದ್ದದ್ದು ಗೊತ್ತಾಗುವಷ್ಟರಲ್ಲಿ ಅರ್ಧ ಬೆಟ್ಟ ಹೋಗಿರುತ್ತದೆ. ಈ ಮಾತು ಬೆಟ್ಟದ ಮನೆಯವರಿಗೆ ಬೇಗ ಅರ್ಥವಾಗುತ್ತದೆ.

ಉಪ್ಪಾಗೆಯ ಜಗಳವೇ ಬೇರೆ

ಮಾರುಕಟ್ಟೆ ಇರುವ ವಸ್ತುವಿಗೆ ಹಗ್ಗ–ಹೊರೆ ಸಾಲದು. ತೂಕ ಇಳಿಸುವ ಔಷಧಿಗೆಂದು 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿದ ಮೇಲೆ ಹುಟ್ಟಿದ ಪೈಪೋಟಿ ಇನ್ನೂ ಮುಗಿದಿಲ್ಲ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯದಲ್ಲಿ ಹಸಿರು ಕಾಯನ್ನೇ ಕೊಯ್ಯುವುದು, ಹತ್ತಲು ಹೊತ್ತಿಲ್ಲವೆಂದು ರೆಂಬೆಯನ್ನೇ ಕಡಿಯುವುದು. ಎಳೆ ಕಾಯಿಯ ಸಿಪ್ಪೆ ತೆಳು, ಒಣಗಿಸಿದರೆ ತೂಕ ಬರುವುದಿಲ್ಲ, ಮಳೆಯಲ್ಲಿ ಬೂಸಲು ಬೇಗ. ಎಲ್ಲರಿಗೂ ನಷ್ಟವೆಂದು ಎಲ್ಲರಿಗೂ ಗೊತ್ತು, ಆದರೂ ಯಾರೂ ಕಾಯುವುದಿಲ್ಲ.

ಇದಕ್ಕೆ ಮದ್ದು "ಕಾಡು ಬಿಡುವ ದಿನ". ಕಾಯಿ ಹಳದಿಗೆ ತಿರುಗಿ ತಾನೇ ಉದುರಲು ಶುರುವಾದ ಮೇಲೆ, ಎರಡೂ ಕಡೆಯ ಇಬ್ಬರಿಬ್ಬರು ಹೆಂಗಸರು ನೋಡಿಬಂದು ಹೇಳಿದ ದಿನದಿಂದ ಕೊಯ್ಲು. ತಾರೀಖನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗೀಚಬೇಡಿ, ಮಳೆ ಹಿಂದೆಮುಂದಾದರೆ ಹಣ್ಣೂ ಹಿಂದೆಮುಂದು. ಆ ದಿನಕ್ಕೆ ಮುಂಚೆ ಯಾರ ಮನೆಯ ಅಟ್ಟದಲ್ಲಿ ಸಿಪ್ಪೆ ಕಂಡರೂ ಅದು ಸಾಮೂಹಿಕ ರಾಶಿಗೆ ಸೇರುತ್ತದೆ. ಉದುರಿದ್ದನ್ನು ಆರಿಸುವುದು ಮೊದಲು, ಆಮೇಲೆ ದೋಟಿಯಿಂದ ಅಲುಗಿಸುವುದು. ಮಳೆಯಲ್ಲಿ ಜಾರುವ ಮರ ಹತ್ತಿ ಬಿದ್ದವರ ಕತೆ ಪ್ರತಿ ಊರಿನಲ್ಲೂ ಇದೆ, ಹತ್ತುವುದನ್ನೇ ಬಿಡಿಸುವ ನಿಯಮ ಸಿಕ್ಕರೆ ಒಳ್ಳೆಯದು. ನಾಲ್ಕರಲ್ಲಿ ಒಂದು ಪಾಲು ಹಣ್ಣು ಮಂಗ, ಪುನುಗು ಬೆಕ್ಕು, ಹಕ್ಕಿಗೆ. ಬೀಜ ದೂರ ಒಯ್ಯುವುದು ಅವೇ. ಕಾಯಿ ಬಿಡದ ಗಂಡು ಮರಗಳನ್ನು "ಗೊಡ್ಡು" ಎಂದು ಸಿಪ್ಪೆ ಒಣಗಿಸುವ ಒಲೆಗೆ ಕಡಿಯುವುದುಂಟು. ಅವಿಲ್ಲದಿದ್ದರೆ ಹೆಣ್ಣು ಮರದಲ್ಲಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆಂದು ಕಾಡು ಸುತ್ತುವ ದಿನವೇ ತೋರಿಸಿಬಿಡಿ.

ಒಣಗಿಸುವ ಒಲೆ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಮನೆಮನೆಯಲ್ಲಿ ಬೇರೆ ಬೇರೆ ಬೆಂಕಿ ಹಾಕಿದರೆ ಉಪ್ಪಾಗೆಗಿಂತ ಹೆಚ್ಚು ಕಾಡು ಕಟ್ಟಿಗೆಯಾಗಿ ಹೋಗುತ್ತದೆ. ನಾಲ್ಕೈದು ಮನೆಗೆ ಒಂದು ಒಲೆ, ಮೇಲೆ ಎರಡು–ಮೂರು ಅಂತಸ್ತಿನ ಜಾಲರಿ ತಟ್ಟೆ, ಸರದಿಯಲ್ಲಿ ಕಾಯುವುದು. ಬೆಂಕಿ ಜೋರಾದರೆ ಸಿಪ್ಪೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿ, ದಿನಕ್ಕೆ ಎರಡು ಸಲ ತಟ್ಟೆ ಕೆಳಗೆಮೇಲೆ ಮಾಡುವುದು ಸಾಕು.

ಹಂಚಿಕೆ: ಆರಿಸಿದವರ ದಿನದ ಕೂಲಿ ಮೊದಲು ತೆಗೆದಿಟ್ಟು ಉಳಿದದ್ದು ಮನೆಗಳಿಗೆ ಸಮನಾಗಿ. ಒಂಟಿ ವೃದ್ಧೆ, ಬಾಣಂತಿ ಇರುವ ಮನೆಗೂ ಪಾಲಿರಲಿ. ಅಪ್ಪೆಮಿಡಿಗೆ ಇದೇ ಕ್ರಮ, ಆದರೆ ಅಲ್ಲಿ ತೂಕವಿಲ್ಲ, ನೂರರ ಲೆಕ್ಕ. "ಈ ಮರ ನಿಮಗೆ, ಆ ಮರ ನಮಗೆ" ಎಂದು ಮರ ಹಂಚಲು ಹೋಗಬೇಡಿ. ಮಾವು ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುತ್ತದೆ, ಬರಿಗೈಯಾದವರು ಒಪ್ಪಂದ ಮುರಿಯುತ್ತಾರೆ. ಒಟ್ಟು ಮಿಡಿ ಎಣಿಸಿ ಪಾಲು ಮಾಡಿ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಕೊಳೆಯುತ್ತದೆ, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಬೇಕು, ತೊಟ್ಟು ಇರಬೇಕು.

ಎಲ್ಲದಕ್ಕಿಂತ ಮುಖ್ಯವಾದದ್ದು ವ್ಯಾಪಾರಿಯ ಮುಂಗಡ. ಮೇ ತಿಂಗಳಲ್ಲೇ ಸಾಲ ಕೊಟ್ಟು ಜೂನ್‌ನಲ್ಲಿ ಮಾಲು ಕೇಳುವವನಿದ್ದರೆ ಯಾವ ಕಾಡು ಬಿಡುವ ದಿನವೂ ನಿಲ್ಲುವುದಿಲ್ಲ. ಸಂಘದ ಉಳಿತಾಯದಿಂದ ಆ ಎರಡು ತಿಂಗಳಿಗೆ ಸಣ್ಣ ಸಾಲ ಕೊಡುವ ವ್ಯವಸ್ಥೆಯನ್ನು ನಿಯಮಕ್ಕಿಂತ ಮುಂಚೆ ಮಾಡಿ. ಇಲಾಖೆಯ ಹರಾಜಿನಲ್ಲಿ ಆ ಕಾಡಿನ ಕಿರು ಉತ್ಪನ್ನ ಯಾರ ಪಾಲಾಗಿದೆ ಎಂಬುದನ್ನೂ ರೇಂಜ್ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಒಪ್ಪಂದವಾದ ಮೇಲೆ ಗುತ್ತಿಗೆದಾರ ಬಂದು ನಿಲ್ಲುತ್ತಾನೆ.

ತಪ್ಪಿಗೆ ದಂಡ

ದುಡ್ಡಿನ ದಂಡ ದೊಡ್ಡದಿಟ್ಟರೆ ಯಾರೂ ವಸೂಲಿಗೆ ಹೋಗುವುದಿಲ್ಲ, ಸಣ್ಣದಿಟ್ಟರೆ ಉಳ್ಳವರು ಕೊಟ್ಟು ಕಡಿಯುತ್ತಾರೆ. ಮೊದಲ ಸಲ ಹೊರೆಯನ್ನು ಅಂಗನವಾಡಿಯ ಅಥವಾ ಬಿಸಿಯೂಟದ ಒಲೆಗೆ ಇಳಿಸುವುದು, ಎರಡನೇ ಸಲ ಬೆಂಕಿ ರೇಖೆಯಲ್ಲಿ ಅರ್ಧ ದಿನ ದುಡಿಯುವುದು, ಮೂರನೇ ಸಲ ಆ ಹಂಗಾಮಿನ ಪಾಲು ಹೋಗುವುದು. ಮೊದಲ ಎರಡನ್ನು ಸಂಘದ ಹೆಂಗಸರೇ ನಿಭಾಯಿಸಲಿ, ಮೂರನೆಯದು ಎರಡೂ ಊರಿನ ಜಂಟಿ ಸಭೆಯಲ್ಲಿ. ಒಲೆ ಹೊತ್ತಿಸಲು ಬೇರೆ ದಾರಿಯೇ ಇಲ್ಲದೆ ತಂದವಳಿಗೆ ದಂಡ ಹಾಕಬೇಡಿ, ಅವಳ ಮನೆಯ ಲೆಕ್ಕ ಮತ್ತೆ ತೆಗೆಯಿರಿ.

ಸಾಕ್ಷಿ ಸಿಗದ ಆರೋಪಕ್ಕೆ ಚೌಡಿಯ ಅಥವಾ ಭೂತಪ್ಪನ ಮುಂದೆ ಕಾಯಿ ಇಟ್ಟು ಆಣೆ ಮಾಡಿಸುವ ರೂಢಿ ಇದೆ. ದೇವರ ಕಾನುಗಳು (ದೇವರ ಹೆಸರಿನಲ್ಲಿ ಬಿಟ್ಟ ಕಾಡುಗಳು) ಉಳಿದಿರುವುದರಲ್ಲಿ ಆ ಭಯಭಕ್ತಿಯ ಪಾಲು ದೊಡ್ಡದು, ಸುಳ್ಳಲ್ಲ. ಆದರೆ ಆಣೆಯನ್ನು ಇಡೀ ಊರು ಒಟ್ಟಾಗಿ ಮುಂದಿನ ಹಂಗಾಮಿಗಾಗಿ ಮಾಡಲಿ. ಒಬ್ಬ ಬಡ ಹೆಂಗಸನ್ನು ಎಳೆದು ನಿಲ್ಲಿಸಿ ಹಿಂದಿನ ತಪ್ಪಿಗೆ ಆಣೆ ಮಾಡಿಸುವುದು ಬೆದರಿಕೆಯಾಗುತ್ತದೆ. ನಾಳೆ ಅವಳ ಮಗುವಿಗೆ ಜ್ವರ ಬಂದರೂ ಊರು ಆಣೆಯ ಮಾತಾಡುತ್ತದೆ.

ಬರೆದಿಡುವುದು ಮತ್ತು ಕಾನೂನು

ಗಟ್ಟಿ ರಟ್ಟಿನ ಪುಸ್ತಕ ಎರಡು, ಒಂದೊಂದು ಊರಿಗೆ ಒಂದು. ಕಾಡಿನ ಹೆಸರು, ವಸ್ತು, ದಿನ, ಹಗ್ಗದ ಅಳತೆ, ಹತ್ಯಾರ, ಬಿಡುವ ದಿನ ಹೇಳುವವರ ಹೆಸರು, ದಂಡ. ಸಹಿ ಹಾಕಿಸುವ ಮುಂಚೆ ಜೋರಾಗಿ ಓದಿ. ಓದಿದಾಗ ಯಾರಾದರೂ "ಹಾಗಲ್ಲ ಹೇಳಿದ್ದು" ಎನ್ನಬೇಕು. ಯಾರೂ ಅನ್ನದಿದ್ದರೆ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ತಿಳಿದು ಇನ್ನೊಮ್ಮೆ ಓದಿ.

ಊರೊಪ್ಪಂದಕ್ಕೆ ಕಾನೂನಿನ ಬಲ ತಾನಾಗಿ ಬರುವುದಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರ ಅಡಿಯಲ್ಲಿ ಸಮುದಾಯ ಹಕ್ಕು ಸಿಕ್ಕಿದ ಕಡೆ ಮಾತ್ರ, ಸಮುದಾಯ ಅರಣ್ಯ ಸಂಪನ್ಮೂಲವನ್ನು ಯಾರು ಹೇಗೆ ಬಳಸಬೇಕೆಂದು ಗ್ರಾಮಸಭೆಯೇ ತೀರ್ಮಾನಿಸಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅಂಥ ಹಕ್ಕುಪತ್ರ ಸಿಕ್ಕಿತು. ನಿಯಮಗಳ 2012ರ ತಿದ್ದುಪಡಿಯ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಾಜರಾತಿ ಪುಸ್ತಕದಲ್ಲಿ ಇದು ಕಾಣದಿದ್ದರೆ ನಿರ್ಣಯ ಮೇಲಿನ ಹಂತದಲ್ಲಿ ಬೀಳುತ್ತದೆ. ಹಕ್ಕು ಇಲ್ಲದ ಕಡೆ ಗ್ರಾಮ ಅರಣ್ಯ ಸಮಿತಿಯ ಸೂಕ್ಷ್ಮ ಯೋಜನೆಯಲ್ಲಿ (ಆ ಊರಿನ ಕಾಡಿನ ನಿರ್ವಹಣೆಯ ಯೋಜನೆ) ಈ ನಿಯಮ ಸೇರಿಸಲು ಕೇಳಿ. ಕುಮಟಾ ತಾಲೂಕಿನ ಹಳಕಾರ, ಕಲ್ಲಬ್ಬೆ, ಮೂರೂರುಗಳ ಗ್ರಾಮ ಅರಣ್ಯ ಪಂಚಾಯಿತಿಗಳಂತೂ ಬ್ರಿಟಿಷರ ಕಾಲದಿಂದ ಇಂಥ ನಿಯಮದಲ್ಲೇ ನಡೆದುಬಂದವು, ಅವುಗಳ ಹಳೆಯ ದಾಖಲೆ ನೋಡಿದರೆ ಮಾದರಿ ಸಿಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಾದರೆ ಮೊದಲು ಕೇಳಿ ತಿಳಿದುಕೊಳ್ಳದೆ ಏನನ್ನೂ ಬರೆಯಬೇಡಿ.

ಎಲ್ಲಿ ಕೆಡುತ್ತದೆ

ಸಭೆ ಸಂಜೆ ಆರಕ್ಕೆ ಇಟ್ಟರೆ ಹೆಂಗಸರು ಬರುವುದಿಲ್ಲ. ಹಾಲು ಕರೆಯುವ, ಅಡುಗೆಯ ಹೊತ್ತು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಸರಿ. ಸಮಿತಿಯಲ್ಲಿ ಒಬ್ಬಳು–ಇಬ್ಬರು ಹೆಂಗಸರಿದ್ದರೆ ಬಾಯಿ ತೆರೆಯುವುದಿಲ್ಲ, ನಾಲ್ಕೈದು ಮಂದಿ ಅಕ್ಕಪಕ್ಕ ಕೂತರೆ ಮಾತು ಬರುತ್ತದೆ. ಗಂಡಂದಿರು ಹೆಂಡತಿಯ ಬದಲು ಸಹಿ ಹಾಕುವುದನ್ನು ಮೊದಲ ದಿನವೇ ನಿಲ್ಲಿಸಿ.

ಕಾವಲಿನ ಕೆಲಸವನ್ನೂ ಹೆಂಗಸರ ತಲೆಗೇ ಕಟ್ಟುವುದು ಇನ್ನೊಂದು ತಪ್ಪು. ನಿಯಮ ಮಾಡಿದವರು ಅವರೆಂದು ರಾತ್ರಿ ಬೆಂಕಿ ನಂದಿಸಲೂ ಅವರೇ ಹೋಗಬೇಕೆಂದರೆ ಮುಂದಿನ ವರ್ಷ ಯಾರೂ ಸಮಿತಿಗೆ ನಿಲ್ಲುವುದಿಲ್ಲ. ದನದ ವಿಷಯ ಮಾತಾಡುವಾಗ ದನ ಕಾಯುವ ಹುಡುಗರನ್ನು, ಬೆತ್ತ–ಬಿದಿರಿನ ಮಾತಾಡುವಾಗ ಮೇದಾರರನ್ನು ಕರೆಯದೆ ತೀರ್ಮಾನಿಸಬೇಡಿ.

ಈ ದಾರಿ ಎಲ್ಲ ಜಗಳಕ್ಕೂ ಅಲ್ಲ. ಹಲ್ಲೆ, ಹೆಂಗಸರ ಮೇಲಿನ ದೌರ್ಜನ್ಯ, ಬೇಟೆ, ನಾಟಾ ಕಳ್ಳತನ, ಬೇಕೆಂದೇ ಇಟ್ಟ ಬೆಂಕಿ ಇವನ್ನು ಊರೊಳಗೆ ರಾಜಿ ಮಾಡಿ ಮುಚ್ಚಬೇಡಿ, ಪೊಲೀಸರಿಗೆ, ಇಲಾಖೆಗೆ ಹೋಗಬೇಕು. ಎದುರಾಳಿ ನೆರೆಯೂರಲ್ಲದೆ ಹೊರಗಿನ ಗುತ್ತಿಗೆದಾರನಾದರೆ ಹಗ್ಗದ ಲೆಕ್ಕ ನಡೆಯುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತದ್ದು ಅಂಥ ಹೊತ್ತಿನಲ್ಲಿ.

ಮೊದಲ ವರ್ಷ ಒಂದೇ ವಸ್ತು, ಒಂದೇ ಕಾಡು ಹಿಡಿಯಿರಿ. ಕಟ್ಟಿಗೆಯಿಂದ ಶುರು ಮಾಡುವುದು ಸುಲಭ, ಉಪ್ಪಾಗೆಯಿಂದ ಶುರು ಮಾಡುವುದು ಕಷ್ಟ. ದೀಪಾವಳಿ ಕಳೆದ ಮೇಲೆ ಪುಸ್ತಕ ತೆರೆದು ಯಾವ ನಿಯಮ ಎಷ್ಟು ಸಲ ಮುರಿಯಿತೆಂದು ಎಣಿಸಿ. ಒಂದೇ ನಿಯಮವನ್ನು ಹಲವು ಮನೆಗಳು ಮುರಿದಿದ್ದರೆ ದಂಡ ಏರಿಸಬೇಡಿ, ಆ ಮನೆಗಳಿಗೆ ಹೋಗಿ ಕಾರಣ ಕೇಳಿ ಯುಗಾದಿಗೆ ಮುಂಚೆ ನಿಯಮವನ್ನೇ ತಿದ್ದಿ. ತೂಕ ತೆಗೆದ ಮನೆಗಳಲ್ಲೇ ಮತ್ತೊಂದು ವಾರ ತೂಕ ತೆಗೆದರೆ ಅಸ್ತ್ರ ಒಲೆ, ಅಡಿಕೆ ಸಿಪ್ಪೆಯ ಬಚ್ಚಲು ಎಷ್ಟು ಉಳಿಸಿತೆಂಬುದೂ ಸಿಗುತ್ತದೆ, ಎರಡನೇ ವರ್ಷದ ಹೊರೆಯ ಸಂಖ್ಯೆಯನ್ನು ಅದರ ಮೇಲೆ ಇಳಿಸಬಹುದು.